ಏಳನೇ ನಂಬರಿನ ಪ್ಯಾಂಟು-ಶರ್ಟು

೧

ಈ ಕಥೆಯನ್ನು ಯಾವ ತುದಿಯಿಂದ ಹಿಡಿದುಕೊಳ್ಳುವುದು ಎಂದು ಮೂರು ವಾರದಿಂದ ಯೋಚಿಸುತ್ತಿದ್ದೇನೆ. ಮರಳಿನಿಂದ ಶುರು ಮಾಡಿದರೆ ಡೆಸರ್ಟ್ ಸಫಾರಿಯ ಕರಪತ್ರದ ಹಾಗೆ ಕಾಣುತ್ತದೆ. ಗಂಟೆಯ ಸದ್ದಿನಿಂದ ಶುರು ಮಾಡಿದರೆ ನೀವು, ಓಹೋ ಅಧ್ಯಾತ್ಮ ಬಂತು ಎಂದು ಪುಟ ಮಗುಚಿ ಮುಂದಿನ ಕಥೆಗೆ ಹೋಗುತ್ತೀರಿ. ಮೊದಲ ಕರಡು ಹೀಗಿತ್ತು:

ಅಬುಧಾಬಿಯಿಂದ ಲಿವಾ ಮರುಭೂಮಿಯ ಕಡೆಗೆ ಹೋಗುವ ದಾರಿಯಲ್ಲಿ, ಮರಳು ಕೆಂಪಾಗುವ ಜಾಗದಲ್ಲಿ, ಒಂದು ಬೆನೆಡಿಕ್ಟೈನ್ ಮಠವಿತ್ತು. ಅಲ್ಲಿ ಒಂಬತ್ತು ಜನ ಸನ್ಯಾಸಿಗಳು ಮೌನವಾಗಿ...

ಇಷ್ಟು ಬರೆಯುವಾಗಲೇ ನನ್ನ ಕಥೆಯ ಲಾಂಡ್ರಿಯವನು ನಿಝಾಮ್ ಬಂದು ಅಡ್ಡ ನಿಂತ.

"ಮೇಡಂ, ಅಂಥ ಬಿಲ್ಡಿಂಗ್ ಅಲ್ಲಿ ಇಲ್ಲ. ಆ ರೋಡಲ್ಲಿ ನಾನು ವಾರಕ್ಕೆ ಎರಡು ಸಲ ಹೋಗ್ತೇನೆ."

ಅವನು ಹೇಳುವುದು ಸರಿ. ನನಗೆ ತಿಳಿದ ಮಟ್ಟಿಗೆ ಈ ದೇಶದಲ್ಲಿ ಬೆನೆಡಿಕ್ಟೈನ್ ಪಂಗಡದ ಕ್ರೈಸ್ತ ಸನ್ಯಾಸಿಗಳ ಮಠ ಇಲ್ಲ. ದ್ವೀಪವೊಂದರಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಕ್ರೈಸ್ತ ಮಠದ ಅಡಿಪಾಯ ಸಿಕ್ಕಿದೆ, ಆದರೆ ಅದು ಬೇರೆ ಪಂಗಡದವರದು, ಈಗ ಅಲ್ಲಿ ಉಳಿದಿರುವುದು ಮೊಣಕಾಲೆತ್ತರದ ಗೋಡೆ ಮತ್ತು ಒಂದು ಬೋರ್ಡು. ನನ್ನ ಮಠವನ್ನು ನಾನು ದುಬೈಯ ಮಿರ್ದಿಫ್‌ನ ಅಡುಗೆಮನೆಯ ಮೇಜಿನ ಮೇಲೆ, ಚಹಾ ಆರುವಷ್ಟು ಹೊತ್ತಿನಲ್ಲಿ ಕಟ್ಟಿದ್ದೇನೆ.

"ಕಥೆ ಮಾರಾಯಾ," ಎಂದೆ. "ಸುಮ್ಮನೆ ಕಟ್ಟಿದ್ದು."

"ಸುಮ್ಮನೆ ಕಟ್ಲಿಕ್ಕೆ ಆಗುದಿಲ್ಲ. ಮುನ್ಸಿಪಾಲಿಟಿ ಪರ್ಮಿಷನ್ ಬೇಕು. ಕರೆಂಟ್ ಬೇಕು. ನೀರಿನ ಟ್ಯಾಂಕರ್ ಹೋಗ್ಲಿಕ್ಕೆ ರೋಡ್ ಬೇಕು."

ಹಾಗಾಗಿ ಪರ್ಮಿಷನ್ ಕೊಟ್ಟೆ, ಕರೆಂಟ್ ಕೊಟ್ಟೆ, ಹೈವೇಯ ಪೆಟ್ರೋಲ್ ಪಂಪಿನಿಂದ ಒಳಗೆ ಆರು ಕಿಲೋಮೀಟರ್ ಡಾಂಬರು ರಸ್ತೆಯನ್ನೂ ಹಾಕಿಸಿದೆ. ಅವನಿಗೆ ತೃಪ್ತಿಯಾಯಿತು.

೧ (ಮತ್ತೆ)

ನಿಝಾಮ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಹೇಗೂ ಬಂದು ನಿಂತಿದ್ದಾನೆ.

ಅವನಿಗೆ ನಲವತ್ತಾರು. ಬಂಟ್ವಾಳದ ಕಡೆಯ ಬ್ಯಾರಿ. ಅಬುಧಾಬಿಯ ಹೊರವಲಯದ ಮುಸಫ್ಫಾದಲ್ಲಿ, ಭಟ್ಕಳದ ಮೊಹಿಯುದ್ದೀನ್ ಸಾಹೇಬರ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾನೆ. ಮೊದಲು ಇಸ್ತ್ರಿ ಮಾಡುತ್ತಿದ್ದ. ಈಗ ಪಿಕಪ್ ಓಡಿಸುತ್ತಾನೆ, ಬಟ್ಟೆಗೆ ನಂಬರ್ ಹಾಕುತ್ತಾನೆ, ಒಗೆದು ಬಂದದ್ದನ್ನು ನಂಬರ್ ನೋಡಿ ಜೋಡಿಸುತ್ತಾನೆ. ಮಾತು ಜಾಸ್ತಿ. ಅದಕ್ಕಿಂತ ಕುತೂಹಲ ಜಾಸ್ತಿ. ಗಿರಾಕಿಯ ಜೇಬಿನಲ್ಲಿ ಉಳಿದ ಬಸ್ ಟಿಕೆಟ್ ನೋಡಿ, ಈ ಮನುಷ್ಯ ಶಾರ್ಜಾಕ್ಕೆ ಯಾಕೆ ಹೋದ ಎಂದು ಅರ್ಧ ದಿನ ಯೋಚಿಸುವ ಪೈಕಿ.

(ಇಲ್ಲಿ ನನ್ನ ಮಗಳು ಲ್ಯಾಪ್‌ಟಾಪಿಗೆ ಇಣುಕಿದಳು. ಹದಿಮೂರು ವರ್ಷ. ಕನ್ನಡ ಓದಲಿಕ್ಕೆ ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಓದಿ ಹೇಳಿದೆ. "ಉಮ್ಮಾ, ಡೋಂಟ್ ಮಾಂಕ್ಸ್ ಹ್ಯಾವ್ ಎ ವಾಷಿಂಗ್ ಮೆಷಿನ್?" ಎಂದಳು. ಅಷ್ಟಕ್ಕೆ ನನ್ನ ಇಡೀ ಕಥೆ ಕುಸಿದು ಕೂತಿತು. ಅವರ ನಿಯಮದಲ್ಲಿ ಕೈಕೆಲಸ ಎಂದರೆ ಪ್ರಾರ್ಥನೆಯಷ್ಟೇ ದೊಡ್ಡದು. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವ ಜನ. ಸರಿ, ಮೆಷಿನ್ ಕೆಟ್ಟಿದೆ ಎಂದು ಬರೆದುಕೊಳ್ಳಿ. ಪಾರ್ಟ್ ಜರ್ಮನಿಯಿಂದ ಬರಬೇಕು, ನಾಲ್ಕು ತಿಂಗಳಾಯಿತು, ಬಂದಿಲ್ಲ. ಅದೇ ಹೈವೇಯಲ್ಲಿ ಮುಂದೆ ಒಂದು ದೊಡ್ಡ ವರ್ಕರ್ ಕ್ಯಾಂಪ್ ಇದೆ. ಅಲ್ಲಿಯ ಬಟ್ಟೆಗೆ ನಿಝಾಮ್‌ನ ಪಿಕಪ್ ಸೋಮವಾರ ಮತ್ತು ಗುರುವಾರ ಹೇಗೂ ಹೋಗುತ್ತದೆ. ಮಠ ದಾರಿಯಲ್ಲೇ ಸಿಗುತ್ತದೆ. ಮಗಳು ತಲೆಯಾಡಿಸಿ ಹೋದಳು. ಒಪ್ಪಿದಳೋ, ಬೇಸರವಾಯಿತೋ ಗೊತ್ತಾಗಲಿಲ್ಲ.)

೨

ಮೊದಲ ಸಲ ಹೋದಾಗ ನಿಝಾಮ್ ಬಾಗಿಲು ಬಡಿದ. ಒಳಗಿಂದ ಒಂದು ಮುದಿ ಧ್ವನಿ ಲ್ಯಾಟಿನ್‌ನಲ್ಲಿ ಏನೋ ಹೇಳಿತು. ಬಾಗಿಲು ಬಡಿದವರು ಯಾರೇ ಆಗಲಿ, ದೇವರ ದಯೆ ಎಂದು ಉತ್ತರಿಸಿದ ಮೇಲೆಯೇ ಯಾರು ಎಂದು ಕೇಳುವುದು ಅಲ್ಲಿಯ ರೂಢಿ. ಬಾಗಿಲು ತೆಗೆದವರು ಫಾದರ್ ಬೋನಿಫಸ್, ಎಂಬತ್ತರ ಹತ್ತಿರದ ಜರ್ಮನ್. ಬಾಗಿಲು ಕಾಯುವುದೂ, ಬಟ್ಟೆಯ ಕೋಣೆ ನೋಡಿಕೊಳ್ಳುವುದೂ ಅವರದೇ ಕೆಲಸ. ಅವರು ನಿಝಾಮ್‌ನನ್ನು ಕೂರಿಸಿ ತಂಬಿಗೆಯಿಂದ ಕೈಗೆ ನೀರು ಹೊಯ್ದರು. ಊಟಕ್ಕೆ ಬಂದ ನೆಂಟರಿಗೆ ಊರಲ್ಲಿ ಮಾಡುವುದು ಇದನ್ನೇ ಅಲ್ಲವಾ ಎಂದು ನಿಝಾಮ್‌ಗೆ ಬಹಳ ಖುಷಿಯಾಯಿತು.

ಊಟದ ಕೋಣೆಗೂ ಕರೆದೊಯ್ದರು. ಅಲ್ಲಿ ಅವರೂ ಸೇರಿ ಎಂಟು ಜನ ಮಾತಿಲ್ಲದೆ ಉಣ್ಣುತ್ತಿದ್ದರು. ಒಂಬತ್ತನೆಯವನು ಎತ್ತರದ ಪೀಠದ ಹತ್ತಿರ ನಿಂತು ಗಟ್ಟಿಯಾಗಿ ಒಂದು ಪುಸ್ತಕ ಓದುತ್ತಿದ್ದ. ಯಾರೋ ತೀರಿಹೋಗಿರಬೇಕು, ಅದಕ್ಕೇ ನಮ್ಮಲ್ಲಿ ಕುರಾನ್ ಓದಿಸುವ ಹಾಗೆ ಓದಿಸುತ್ತಿದ್ದಾರೆ ಎಂದುಕೊಂಡ ನಿಝಾಮ್ ತಲೆ ತಗ್ಗಿಸಿ ಕೂತ. ಕಿವಿಗೊಟ್ಟು ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಹಡಗಿನ ಕಥೆ. ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿದೆ, ಬಿಸ್ಕೆಟ್ ಮುಗಿಯುತ್ತಾ ಬಂದಿದೆ, ಕ್ಯಾಪ್ಟನ್ ನಾಯಿಗಳನ್ನು ಏನು ಮಾಡುವುದು ಎಂದು ಯೋಚಿಸುತ್ತಿದ್ದಾನೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಓದುವವನು ಪುಸ್ತಕ ಮುಚ್ಚಿದ.

ನಿಝಾಮ್‌ಗೆ ನಿದ್ದೆ ಬರುವುದು ಹೇಗೆ? ಅಂಗಳದಲ್ಲಿ ಆ ಓದುವ ಹುಡುಗನನ್ನು ಹಿಡಿದು, ಹಿಂದಿಯಲ್ಲಿ ಕೇಳಿದ, ನಾಯಿಗಳಿಗೆ ಏನಾಯಿತು ಎಂದು. ಅವನು ನಕ್ಕು ಅಪ್ಪಟ ಮಂಗಳೂರು ಕನ್ನಡದಲ್ಲಿ, "ಅದು ನಾಡಿದ್ದು ಗೊತ್ತಾಗ್ತದೆ ಭಾಯ್" ಎಂದ.

ಅವನೇ ಆವಿಲ್. ಕಿನ್ನಿಗೋಳಿಯವನು, ಇಪ್ಪತ್ತೊಂಬತ್ತು ವರ್ಷ. ದುಬೈಯ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ದಿನಕ್ಕೆ ನಾನೂರು ಸಲ ವೆಲ್ಕಮ್ ಹೇಳುತ್ತಿದ್ದವನು ಒಂದೂವರೆ ವರ್ಷದ ಹಿಂದೆ ಇಲ್ಲಿಗೆ ಬಂದು, ಬ್ರದರ್ ಪ್ಲಾಸಿಡ್ ಆಗಿದ್ದ. ನಿಝಾಮ್ ಲೆಕ್ಕದಲ್ಲಿ ಅವನು ಏಳನೇ ನಂಬರ್. ಅಂದಿನಿಂದ ನಿಝಾಮ್ ಬಂದಾಗೆಲ್ಲ, ಅವನು ತಪ್ಪಿಸಿಕೊಂಡ ದಿನಗಳ ಹಡಗಿನ ಕಥೆಯನ್ನು ಆವಿಲ್ ಬಾವಿಯ ಹತ್ತಿರ ನಿಂತು ಐದು ನಿಮಿಷದಲ್ಲಿ ಹೇಳುತ್ತಿದ್ದ. ಅದಕ್ಕೆ ಮಠಾಧಿಪತಿಗಳಿಂದ ಅನುಮತಿ ಕೇಳಿ ಪಡೆದಿದ್ದನಂತೆ. ಜುಲೈ ಎರಡನೇ ಗುರುವಾರ, ಅವರ ಮೂಲಗುರುವಿನ ಹಬ್ಬದ ಸಂಜೆ, ಆವಿಲ್ ಪ್ರತಿಜ್ಞೆ ತೆಗೆದುಕೊಳ್ಳುವುದಿತ್ತು. ಆಮೇಲೆ ಆ ಮಠವೇ ಅವನ ಮನೆ.

(ಬಾವಿಯಲ್ಲಿ ನೀರಿತ್ತಾ ಎಂದು ನಿಝಾಮ್ ಕೇಳುತ್ತಿದ್ದಾನೆ. ಇಲ್ಲ. ನಿಲ್ಲಲಿಕ್ಕೆ ಒಂದು ಜಾಗ ಬೇಕಿತ್ತು, ಬಾವಿ ಹಾಕಿದೆ.)

೩

ಈಗ ತಪ್ಪು ನಡೆಯಬೇಕು. ಅದಕ್ಕೆ ಮೊದಲು ನಿಮಗೆ ಒಂದು ನಿಯಮ ಗೊತ್ತಿರಬೇಕು. ಇದನ್ನು ಮಾತ್ರ ನಾನು ಕಟ್ಟಿದ್ದಲ್ಲ. ಸಾವಿರದೈನೂರು ವರ್ಷದಿಂದ ಅವರ ನಿಯಮಪುಸ್ತಕದಲ್ಲಿ ಇರುವುದು.

ಹೊಸಬ ಮಠದ ಬಟ್ಟೆ ತೊಟ್ಟಾಗ, ಅವನು ಹೊರಗಿಂದ ತೊಟ್ಟು ಬಂದದ್ದನ್ನು ಬಿಸಾಡುವುದಿಲ್ಲ, ದಾನ ಮಾಡುವುದಿಲ್ಲ. ಬಟ್ಟೆಯ ಕೋಣೆಯಲ್ಲಿ ಎತ್ತಿಡುತ್ತಾರೆ. ಯಾಕೆಂದರೆ ಮುಂದೊಂದು ದಿನ ಅವನು ಬಿಟ್ಟು ಹೋಗುವುದಾದರೆ, ಹಾಕಿಕೊಂಡು ಹೋಗಲು ಅವನ ಸ್ವಂತದ್ದು ಇರಬೇಕು. ಅಂದರೆ ಆ ಪ್ಯಾಂಟು-ಶರ್ಟು ಕೋಣೆಯಿಂದ ಹೊರಗೆ ಬಂದರೆ ಅರ್ಥ ಒಂದೇ.

ಇದು ನಿಝಾಮ್‌ಗೆ ಯಾರೂ ಹೇಳಿರಲಿಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ, ಸೋಮವಾರ, ಬಟ್ಟೆಯ ಕೋಣೆಯಲ್ಲಿ ಎಸಿ ನೀರು ಸೋರಿ ಮುಗ್ಗಲು ವಾಸನೆ ಹಿಡಿಯಿತೆಂದು ಫಾದರ್ ಬೋನಿಫಸ್ ಒಂದು ಬೇರೆ ಚೀಲ ಕೊಟ್ಟರು. ಅದರಲ್ಲಿ ಏಳನೇ ನಂಬರಿನ ನೀಲಿ ಚೌಕುಳಿ ಶರ್ಟು ಮತ್ತು ಕಪ್ಪು ಪ್ಯಾಂಟು ಇತ್ತು. ಲಾಂಡ್ರಿಯವರಿಗೆ ಚೀಲ ಮುಖ್ಯವಲ್ಲ, ನಂಬರ್ ಮುಖ್ಯ. ಒಂದೇ ನಂಬರ್ ಎಂದರೆ ಒಬ್ಬನೇ ಗಿರಾಕಿ. ಹತ್ತೊಂಬತ್ತು ವರ್ಷದಲ್ಲಿ ನಿಝಾಮ್ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಕೊಟ್ಟವನಲ್ಲ. ಆವಿಲ್ ತನ್ನೂರಿನ ಕಡೆಯ ಹುಡುಗ ಎಂಬ ಪ್ರೀತಿಯಿಂದ, ಶರ್ಟಿನಿಂದ ಉದುರಿಹೋಗಿದ್ದ ಎರಡನೇ ಬಟನನ್ನು ಹೊಂದುವ ನೂಲಿನಲ್ಲಿ ಹೊಲಿದ. ಗಂಜಿ ಹಾಕಿ ಗರಿಗರಿಯಾಗಿ ಇಸ್ತ್ರಿ ಮಾಡಿಸಿದ. ಅದೇ ವಾರದ ಗುರುವಾರ ಮಧ್ಯಾಹ್ನ, ಮಠದವರೆಲ್ಲ ಪ್ರಾರ್ಥನೆಯಲ್ಲಿದ್ದಾಗ, ಪ್ರತಿ ವಾರದಂತೆ ಓಣಿಯುದ್ದಕ್ಕೂ ನಡೆದು ಬಾಗಿಲು ಬಾಗಿಲಿನ ಗೂಟಕ್ಕೆ ಹ್ಯಾಂಗರ್ ಸಿಕ್ಕಿಸಿದ. ಏಳನೇ ಬಾಗಿಲಿಗೆ ಎರಡು ಹ್ಯಾಂಗರ್. ಒಂದರಲ್ಲಿ ಕಪ್ಪು ನಿಲುವಂಗಿ, ಅದರ ಮೇಲೆ ಪ್ಯಾಂಟು-ಶರ್ಟು.

"ಅದು ನಿಲುವಂಗಿ ಅಲ್ಲ," ಎಂದು ನಿಝಾಮ್ ಅಡ್ಡ ಬಂದ. "ನಮ್ಮ ಚೀಟಿಯಲ್ಲಿ ಅದಕ್ಕೆ ಹೆಸರೇ ಇಲ್ಲ. ಅರಬಿಗಳು ಹಾಕ್ತಾರಲ್ಲ ಕಂದೂರ, ಅದರಲ್ಲಿ ಬರೀತೇವೆ. ಕಂದೂರ, ಬ್ರಾಕೆಟಲ್ಲಿ ಕಪ್ಪು. ಮತ್ತೆ ಇನ್ನೊಂದು ಮೇಡಂ. ಬಟನ್ ನಾನು ಎಲ್ಲರಿಗೂ ಹಾಕ್ತೇನೆ. ನಮ್ಮಲ್ಲಿ ಅದು ಫ್ರೀ, ಹೊರಗೆ ಬೋರ್ಡೇ ಉಂಟು. ಪ್ರೀತಿ ಗೀತಿ ತೆಗೀರಿ."

ನಾನು ತೆಗೆಯಲಿಲ್ಲ. ಆ ಸಾಲು ಚೆನ್ನಾಗಿತ್ತು. ಬರೆಯುವವರಿಗೆ ಇರುವ ಕೆಟ್ಟ ಚಾಳಿ ಇದು.

೩ (ತಿದ್ದಿದ್ದು)

ಮಗಳು ಮತ್ತೆ ಕೇಳಿದಳು: "ಇಫ್ ದ ರೂಮ್ ಸ್ಮೆಲ್ಸ್, ವೈ ಓನ್ಲಿ ಹಿಸ್ ಕ್ಲೋತ್ಸ್?"

ಆಯಿತು, ಒಂಬತ್ತೂ ಜನರದ್ದು. ಚೀಲ ದೊಡ್ಡದಾಯಿತು. ಈಗ ಓಣಿ ಹೇಗಿತ್ತು ಕೇಳಿ. ಒಂದನೇ ಬಾಗಿಲಿಗೆ ಮಠಾಧಿಪತಿಗಳು ಮೂವತ್ತು ವರ್ಷದ ಹಿಂದೆ ತೊಟ್ಟು ಬಂದ ಜೀನ್ಸ್. ಎರಡನೆಯದಕ್ಕೆ ಫಾದರ್ ಬೋನಿಫಸ್ ಅವರ ಬೆಲ್‌ಬಾಟಮ್, ಅದರ ಕೆಳಗಿನ ಅಗಲ ನೋಡಿ ಮುಸಫ್ಫಾದ ಹುಡುಗರೆಲ್ಲ ನಕ್ಕಿದ್ದರು. ನಾಲ್ಕಕ್ಕೆ ಫುಟ್‌ಬಾಲ್ ಜೆರ್ಸಿ. ಆರಕ್ಕೆ ಬ್ಯಾಂಕಿನವರ ಕೋಟು, ಟೈ. ಎಲ್ಲವೂ ಇಸ್ತ್ರಿಯಾಗಿ, ಬಟನ್ ಸರಿಯಾಗಿ, ಒಂದು ಮದುವೆಗೆ ಹೊರಟು ನಿಂತವರ ಹಾಗೆ. ಇಡೀ ಮಠವನ್ನೇ ನಿಝಾಮ್ ಮನೆಗೆ ಕಳಿಸಿಬಿಟ್ಟಿದ್ದ.

ಪ್ರಾರ್ಥನೆ ಮುಗಿಸಿ ಬಂದವರು ನಿಂತಲ್ಲೇ ನಿಂತರು. ಮಾತಾಡುವ ಹೊತ್ತು ಅಲ್ಲ. ಮೊದಲು ನಕ್ಕವರು ಮಠಾಧಿಪತಿಗಳು. ಆಮೇಲೆ ಬೋನಿಫಸ್ ಬೆಲ್‌ಬಾಟಮನ್ನು ಸೊಂಟಕ್ಕೆ ಹಿಡಿದು ತೋರಿಸಿದರು, ಅದು ಒಂದು ತೊಡೆಗೂ ಸಾಲುತ್ತಿರಲಿಲ್ಲ. ಎಂಟು ಜನ ನಗುತ್ತಾ ತಮ್ಮ ತಮ್ಮ ಹ್ಯಾಂಗರನ್ನು ಬಟ್ಟೆಯ ಕೋಣೆಗೆ ಒಯ್ದು ಕೊಟ್ಟರು.

ಒಬ್ಬ ಕೊಡಲಿಲ್ಲ.

ನೋಡಿ, ಮಗಳ ಒಂದು ಪ್ರಶ್ನೆಗೆ ಕಥೆ ಹೇಗೆ ಮಗ್ಗುಲು ಬದಲಿಸಿತು. ಮೊದಲಿನ ಕರಡಿನಲ್ಲಿ ಆವಿಲ್ ತನ್ನನ್ನು ಹೊರಗೆ ಹಾಕಿದರು ಎಂದು ತಪ್ಪು ತಿಳಿದು ಹೊರಟಿದ್ದ. ಪಾಪದ ಹುಡುಗ, ಪಾಪದ ನಿಝಾಮ್. ಈಗ ಹಾಗಿಲ್ಲ. ಇದು ಲಾಂಡ್ರಿಯವನ ಎಡವಟ್ಟು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಕಿಕೊಂಡ.

೪

ನಿಝಾಮ್ ಆಗ ಹೊರಗಿನ ಜಗಲಿಯಲ್ಲಿ ಅಸರ್ ನಮಾಜು ಮುಗಿಸಿ ಚಾಪೆ ಮಡಚುತ್ತಿದ್ದ. ಚೌಕುಳಿ ಶರ್ಟಿನ ಹುಡುಗ ಬಂದು ಪಿಕಪ್ಪಿನ ಹತ್ತಿರ ನಿಂತ.

"ನಿಝಾಮ್ ಭಾಯ್, ಅಬುಧಾಬಿಗೆ ಬಿಡ್ತೀರಾ?"

ಹತ್ತೊಂಬತ್ತು ವರ್ಷ ಗಲ್ಫಿನಲ್ಲಿ ಇದ್ದವನಿಗೆ ಪ್ಯಾಂಟು-ಶರ್ಟು ಹಾಕಿ ಗೇಟಿನ ಹೊರಗೆ ನಿಂತ ಮನುಷ್ಯನನ್ನು ಕಂಡರೆ ಹೊಳೆಯುವುದು ಒಂದೇ.

"ವೆಕೇಶನಾ ಬ್ರದರ್? ರಜೆ ಪಾಸಾಯ್ತಾ?"

"ಹಾಂ," ಎಂದ ಆವಿಲ್, ಸ್ವಲ್ಪ ತಡೆದು. "ಹಾಗೆಯೇ ಅಂತ ಇಟ್ಟುಕೊಳ್ಳಿ."

ಇನ್ನೂರು ಕಿಲೋಮೀಟರ್ ನಿಝಾಮ್ ಬಾಯಿ ಮುಚ್ಚಲಿಲ್ಲ. ಟಿಕೆಟ್ ಯಾವ ಏರ್‌ಲೈನ್, ಎಷ್ಟು ದಿನ, ಮಂಗಳೂರಿಗೆ ಡೈರೆಕ್ಟಾ. ಆವಿಲ್ ಕಿಟಕಿಯಲ್ಲಿ ನೋಡುತ್ತಾ ಕೂತಿದ್ದ. ಎಲೆಕ್ಟ್ರಾ ಸ್ಟ್ರೀಟ್‌ನಲ್ಲಿ ಇಳಿಸುವ ಮೊದಲು ನಿಝಾಮ್ ಅವನಿಗೆ ಒಂದು ಕಡಕ್ ಚಾ ಕುಡಿಸಿ, "ಮನೆಯವರಿಗೆ ನನ್ನ ಸಲಾಂ ಹೇಳಿ" ಎಂದು ಕೈಕುಲುಕಿ ಕಳಿಸಿದ. ದಾರಿಯಿಡೀ ಮನಸ್ಸು ಹಗುರಾಗಿತ್ತು. ಒಳ್ಳೆಯ ಕೆಲಸ ಮಾಡಿದ ಹಾಗೆ.

ಸೋಮವಾರ ಮಠಕ್ಕೆ ಹೋದಾಗ ಫಾದರ್ ಬೋನಿಫಸ್ ಎಂಟು ಕಪ್ಪು ಕಂದೂರ ಕೊಟ್ಟರು. ಏಳನೆಯದು ಎಲ್ಲಿ ಎಂದು ಕೇಳಿದ ನಿಝಾಮ್‌ಗೆ ಅವರು ಕೂರಿಸಿ ಎಲ್ಲವನ್ನೂ ಹೇಳಿದರು.

"ಫಾದರ್, ನಾನು... ನಂಬರ್ ನೋಡಿ..."

"ನೋ, ನೋ. ಮೈ ಮಿಸ್ಟೇಕ್. ಚೀಲ ಕೊಟ್ಟೆ, ವಿಷಯ ಹೇಳಲಿಲ್ಲ."

"ನಾನೇ ಗಾಡಿಯಲ್ಲಿ ಕೂರಿಸಿ ಕರ್ಕೊಂಡು ಹೋದದ್ದು."

"ಅದೂ ಗೊತ್ತು. ಕಿಟಕಿಯಿಂದ ನೋಡಿದೆ."

"ನೋಡಿದ್ರೆ ನಿಲ್ಲಿಸ್ಬೇಕಿತ್ತಲ್ಲ?" ನಿಝಾಮ್‌ಗೆ ಸಿಟ್ಟೇ ಬಂತು. "ಒಂದು ಫೋನಾದ್ರೂ ಮಾಡಿ. ನಿಮ್ಮ ಹುಡುಗ ಅಲ್ವಾ?"

ಮುದುಕರು ತಲೆಯಾಡಿಸಿದರು. ಹೋಗುವವನನ್ನು ಹಿಡಿಯುವುದಿಲ್ಲ, ಬಂದವನನ್ನು ತಳ್ಳುವುದಿಲ್ಲ. ಬಿಟ್ಟು ಹೋದವನನ್ನು ಮೂರು ಸಲದವರೆಗೆ ಒಳಗೆ ಸೇರಿಸಿಕೊಳ್ಳಬಹುದು ಎಂದು ನಿಯಮದಲ್ಲೇ ಇದೆ. ಆದರೆ ಬಾಗಿಲು ಅವನೇ ಬಡಿಯಬೇಕು. ಗುರುವಾರ ಸಂಜೆ ಆರರ ಪ್ರಾರ್ಥನೆಯೊಳಗೆ ಬಂದರೆ ಪ್ರತಿಜ್ಞೆ. ಬರದಿದ್ದರೆ, ಮುಂದೆಂದಾದರೂ ಬಂದರೂ, ಮೊದಲಿನಿಂದ ಶುರು.

ವಾಪಸ್ ಬರುವಾಗ ನಿಝಾಮ್ ರೇಡಿಯೋ ಹಾಕಲಿಲ್ಲ. ನನ್ನಿಂದ ಹೋದದ್ದಾ, ಅವರಾಗಿ ಹೋದದ್ದಾ? ಅವನಿಗೆ ತಿಳಿಯಬೇಕಾದದ್ದು ಇದೊಂದೇ. ತನ್ನಿಂದ ಆದದ್ದಾದರೆ ಗುರುವಾರದೊಳಗೆ ಸರಿ ಮಾಡಬೇಕು.

("ಈಗಲಾದ್ರೂ ಆ ಒಂಬತ್ತು ಜನರ ವಿಷಯ ತೆಗೆದು ಮೊದಲಿನ ಹಾಗೆ ಮಾಡಿ," ಎಂದ ನಿಝಾಮ್. ಯಾಕೆ, ಮೊದಲಿನ ಕರಡಿನಲ್ಲಿ ನಿನ್ನದೇ ತಪ್ಪಿತ್ತಲ್ಲ ಎಂದೆ. "ತಪ್ಪಾದ್ರೆ ಹೋಗಿ ಮಾಫ್ ಕೇಳ್ಬಹುದು ಮೇಡಂ. ಇದಕ್ಕೆ ಎಂತ ಕೇಳುದು?" ಎಂದ.)

೬

(ಐದನೆಯದನ್ನು ಬಿಟ್ಟಿದ್ದೇನೆ. ಅದರಲ್ಲಿ ಮರಳುಗಾಳಿ ಇತ್ತು. ಬರೆಯಲು ಮೂರು ದಿನ ಹಿಡಿಯಿತು, ಓದಿದರೆ ನನಗೇ ನಗು ಬಂತು.)

ಆವಿಲ್‌ನ ಅಕ್ಕ ಬ್ರೆಂಡಾ ಎಲೆಕ್ಟ್ರಾ ಸ್ಟ್ರೀಟ್‌ನ ಹಳೆಯ ಬಿಲ್ಡಿಂಗಿನ ಶೇರಿಂಗ್ ಫ್ಲಾಟ್‌ನಲ್ಲಿದ್ದಳು. ಕ್ಲಿನಿಕ್ಕೊಂದರಲ್ಲಿ ನರ್ಸು. ಮಂಗಳವಾರ ಸಂಜೆ, ಆವಿಲ್‌ನನ್ನು ಇಳಿಸಿದ ಜಾಗದಲ್ಲಿ ವಾಚ್‌ಮನ್‌ಗಳನ್ನು ವಿಚಾರಿಸಿ ಪತ್ತೆ ಹಚ್ಚಿ, ನಿಝಾಮ್ ಮುಚ್ಚಳಿಕೆ ಬರೆದುಕೊಡಲು ಬಂದವನ ಹಾಗೆ ಬಾಗಿಲಲ್ಲಿ ನಿಂತ.

"ಸಿಸ್ಟರ್, ನಾನು ಲಾಂಡ್ರಿಯ ನಿಝಾಮ್."

ಬ್ರೆಂಡಾ ಅವನ ಮುಖ ನೋಡಿದಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದ. ಅವಳು ಅವನ ಎರಡೂ ಕೈ ಹಿಡಿದುಕೊಂಡುಬಿಟ್ಟಳು.

"ನೀವಾ? ದೇವರು ನಿಮಗೆ ಒಳ್ಳೇದು ಮಾಡ್ಲಿ. ಒಂದೂವರೆ ವರ್ಷದಲ್ಲಿ ನಾನು ಅವನನ್ನು ಎರಡು ಸಲ ನೋಡಿದ್ದು. ಅದೂ ಅರ್ಧ ಗಂಟೆ, ಎದುರು ಬದುರು ಕೂತು, ಇಂಟರ್ವ್ಯೂ ಹಾಗೆ. ಅವನು ಬಂದ ದಿನ ನಾನು ಎರಡು ಸಲ ಅನ್ನ ಮಾಡಿದೆ ಭಾಯ್. ಒಂದು ಸಲ ಮಾಡಿದ್ದು ಮರೆತೇ ಹೋಗಿತ್ತು."

ನಿಝಾಮ್‌ಗೆ ಎಲ್ಲಿ ನೋಡಬೇಕು ಎಂದು ತಿಳಿಯಲಿಲ್ಲ. ಅತ್ತ ಒಬ್ಬರು ತಪ್ಪು ನನ್ನದು ಎನ್ನುತ್ತಾರೆ, ಇತ್ತ ಒಬ್ಬರು ಉಪಕಾರ ನಿಮ್ಮದು ಎನ್ನುತ್ತಾರೆ.

ಆವಿಲ್ ಒಳಗಿನ ಮಂಚದ ಮೇಲೆ ಕೂತಿದ್ದ. ಅದೇ ಚೌಕುಳಿ ಶರ್ಟು. ಇಸ್ತ್ರಿಯ ಗೆರೆ ಆಗಲೇ ಹೋಗಿತ್ತು. ನಿಝಾಮ್ ಪೀಠಿಕೆ ಹಾಕದೆ ಕೇಳಿಯೇಬಿಟ್ಟ.

"ಬ್ರದರ್, ಒಂದೇ ವಿಷಯ. ನೀವು ಹೊರಟದ್ದು ನನ್ನಿಂದಲಾ?"

ಆವಿಲ್ ತುಂಬಾ ಹೊತ್ತು ಯೋಚಿಸಿದ. ಮಠದಲ್ಲಿ ಕಲಿತ ಅಭ್ಯಾಸ ಇರಬೇಕು, ಪ್ರಶ್ನೆ ಕೇಳಿದ ಕೂಡಲೇ ಉತ್ತರ ಕೊಡುತ್ತಿರಲಿಲ್ಲ.

"ನಗ್ತಾ ನಗ್ತಾ ವಾಪಸ್ ಕೊಡ್ಲಿಕ್ಕೇ ಹೊರಟಿದ್ದೆ ಭಾಯ್. ಆಗ ಬಟನ್ ನೋಡಿದೆ. ಎರಡನೇದು. ಹೋಟೆಲಲ್ಲಿ ಇರುವಾಗಲೇ ಬಿದ್ದುಹೋಗಿತ್ತು, ಟೈ ಕಟ್ಟಿ ಮುಚ್ಚಿಕೊಳ್ತಿದ್ದೆ. ಯಾರೋ ಕೂತು, ಅದೇ ಬಣ್ಣದ ನೂಲು ಹುಡುಕಿ ಹೊಲಿದಿದ್ದಾರೆ. ಮಠದಲ್ಲಿ ಎಲ್ಲ ಉಂಟು. ಊಟ, ಔಷಧ, ಪ್ರೀತಿ, ಎಲ್ಲ. ಆದರೆ ಅದು ಎಲ್ಲರಿಗೂ ಅಂತ ಇರುದು. ನನಗೆ ಅಂತ ಒಂದು ಏನೂ ಇಲ್ಲ. ಇರ್ಬಾರ್ದು, ಅದೇ ಅಲ್ಲಿಯ ಪಾಠ. ನಾನು ಕಲ್ತಿದ್ದೇನೆ ಅಂದ್ಕೊಂಡಿದ್ದೆ. ಆ ಬಟನ್ ನೋಡಿ, ಒಬ್ಬರು ನನಗೋಸ್ಕರ ಅಂತ ಇಷ್ಟು ಮಾಡಿದ್ದಾರಲ್ಲ ಅಂತ..."

ಬಾಗಿಲಲ್ಲಿ ನಿಂತಿದ್ದ ಬ್ರೆಂಡಾ ಮುಖ ತಿರುಗಿಸಿಕೊಂಡಳು.

ಇಲ್ಲಿ ನಾನು ನಿಝಾಮ್‌ನ ಕಿವಿಯಲ್ಲಿ ಹೇಳಿದೆ: ಹೌದು ಅನ್ನು. ನಿಮಗೋಸ್ಕರವೇ ಹೊಲಿದದ್ದು ಬ್ರದರ್, ಅನ್ನು. ಇಡೀ ಕಥೆ ಎದ್ದು ನಿಲ್ಲುತ್ತದೆ. ಓದುಗರ ಕಣ್ಣು ಒದ್ದೆಯಾಗುತ್ತದೆ. ಅಕ್ಕನಿಗೆ ತಮ್ಮ ಉಳಿಯುತ್ತಾನೆ. ಮೂರನೇ ಭಾಗದಲ್ಲಿ ನಾನು ಆಗಲೇ ಬರೆದೂ ಆಗಿದೆ, ನೋಡು, ಪ್ರೀತಿಯಿಂದ ಅಂತ.

ನಿಝಾಮ್ ನನ್ನ ಕಡೆ ನೋಡಲೂ ಇಲ್ಲ. ಆ ಹುಡುಗನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಈಗ ಅದು ಹೆಚ್ಚೇ ಆಗಿತ್ತು. ಅದಕ್ಕೇ ಕಷ್ಟವಾಯಿತು.

"ಬ್ರದರ್," ಎಂದ. "ನಾನು ಅವತ್ತು ಒಂಬತ್ತು ಜನರ ಬಟ್ಟೆಗೂ ಬಟನ್ ನೋಡಿದ್ದೇನೆ. ಬ್ಯಾಂಕಿನ ಕೋಟಿಗೆ ಎರಡು ಹಾಕಿದೆ. ಬೋನಿಫಸ್ ಫಾದರ್ ಪ್ಯಾಂಟಿಗೆ ಹುಕ್ಕು. ನಮ್ಮಲ್ಲಿ ಅದು ಫ್ರೀ. ಎಲ್ಲರಿಗೂ."

ಫ್ಲಾಟ್‌ನ ಹಳೆಯ ಎಸಿ ಒಂದು ಸಲ ನಡುಗಿ ಸುಮ್ಮನಾಯಿತು. ಆವಿಲ್ ನಕ್ಕ. ನಗು ಹೆಚ್ಚಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ನೀರಿನಲ್ಲಿ ನಗುವಿನದ್ದು ಎಷ್ಟು, ಬೇರೆಯದ್ದು ಎಷ್ಟು ಎಂದು ನಿಝಾಮ್‌ಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ.

"ಖಲಾಸ್," ಎಂದ ಆವಿಲ್, ಮುಖ ಒರೆಸಿಕೊಳ್ಳುತ್ತಾ. "ಗುರುವಾರ ನಿಮ್ಮ ಗಾಡಿ ಆ ಕಡೆ ಹೋಗ್ತದಾ ಭಾಯ್?"

"ಹೋಗ್ತದೆ. ಆ ಕಡೆ ಹೋಗಿ, ಈ ಕಡೆಗೂ ಬರ್ತದೆ."

"ಪೆಟ್ರೋಲ್ ಪಂಪಿನವರೆಗೆ ಬಿಡಿ. ಅಲ್ಲಿಂದ ನೋಡ್ತೇನೆ."

ಬ್ರೆಂಡಾ ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿತ್ತು. ನಿಝಾಮ್ ಎದ್ದು ಹೊರಡುವಾಗ ಅವಳು ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ, "ಹೌದು ಅಂತ ಒಂದು ಮಾತು ಹೇಳಿದ್ರೆ ನಿಮ್ಮದೇನು ಹೋಗ್ತಿತ್ತು ಭಾಯ್?" ಎಂದಳು. ಸಿಟ್ಟಿನಲ್ಲಿ ಕೇಳಿದ್ದಲ್ಲ. ನಿಜವಾಗಿ ಕೇಳಿದ್ದು. ನಿಝಾಮ್ ಮೆಟ್ಟಿಲಿಳಿದು ಗಾಡಿಯಲ್ಲಿ ಕೂತು, ಕೀಲಿ ತಿರುಗಿಸದೆ, ಸ್ವಲ್ಪ ಹೊತ್ತು ಅತ್ತ.

೭

ಗುರುವಾರ. ಹೊರಗೆ ನಲವತ್ತೇಳು ಡಿಗ್ರಿ. ನಾಲ್ಕೂಕಾಲಕ್ಕೆ ಪಿಕಪ್ ಪೆಟ್ರೋಲ್ ಪಂಪಿನಲ್ಲಿ ನಿಂತಿತು. ಬಲಕ್ಕೆ ತಿರುಗಿದರೆ ಆರು ಕಿಲೋಮೀಟರ್ ಒಳಗೆ ಮಠ. ಎದುರುಗಡೆ ರಸ್ತೆ ದಾಟಿದರೆ ಅಬುಧಾಬಿಗೆ ವಾಪಸ್ ಹೋಗುವ ಬಸ್ ಸ್ಟಾಪು. ಆವಿಲ್‌ನ ತೊಡೆಯ ಮೇಲೆ ಅಕ್ಕ ಕಟ್ಟಿಕೊಟ್ಟ ಬುತ್ತಿ. ಅವಳು ಇವತ್ತು ಡ್ಯೂಟಿಗೆ ಹೋಗಿದ್ದಳು. ಬೀಳ್ಕೊಡಲು ನಿಂತರೆ ತಡೆದುಬಿಡುತ್ತೇನೆ ಎಂದು ಹೆದರಿ ಬೆಳಗ್ಗೆಯೇ ಹೋಗಿದ್ದಳು.

"ಬರ್ತೇನೆ ಭಾಯ್," ಎಂದು ಆವಿಲ್ ಇಳಿದ.

ನನ್ನ ಹತ್ತಿರ ಮೂರು ಮುಕ್ತಾಯ ಇವೆ.

ಅ) ಆವಿಲ್ ಬಿಸಿಲಿನಲ್ಲಿ ಆರು ಕಿಲೋಮೀಟರ್ ನಡೆದು, ಆರಕ್ಕೆ ಐದು ನಿಮಿಷ ಇರುವಾಗ ಬಾಗಿಲು ಬಡಿಯುತ್ತಾನೆ. ಒಳಗಿಂದ ಮುದಿ ಧ್ವನಿ ಕೇಳಿಸುತ್ತದೆ. (ಆ ಬಿಸಿಲಿಗೆ ಎರಡು ಕಿಲೋಮೀಟರಿನಲ್ಲೇ ಬೀಳುತ್ತಾನೆ ಎಂದು ನಿಝಾಮ್. ಟ್ಯಾಂಕರ್‌ನವನು ಹತ್ತಿಸಿಕೊಂಡ ಎಂದು ತಿದ್ದಿದೆ.)

ಆ) ಬಸ್ ಬರುತ್ತದೆ. ಸಂಜೆ ಬ್ರೆಂಡಾ ಡ್ಯೂಟಿ ಮುಗಿಸಿ ಬಂದರೆ ಬಾಗಿಲ ಹೊರಗೆ ತಮ್ಮನ ಚಪ್ಪಲಿ.

ಇ) ಅವನು ಪಂಪಿನಲ್ಲೇ ಕೆಲಸಕ್ಕೆ ಸೇರಿ, ಅಲ್ಲಿಯೂ ಅಲ್ಲದೆ ಇಲ್ಲಿಯೂ ಅಲ್ಲದೆ, ಬಂದ ಗಾಡಿಗಳಿಗೆಲ್ಲ ವೆಲ್ಕಮ್ ಹೇಳುತ್ತಾನೆ. (ಇದು ನನಗೆ ಬಹಳ ಬುದ್ಧಿವಂತಿಕೆಯದ್ದು ಅನಿಸಿತ್ತು. ಮಗಳು "ವೀಸಾ ಯಾರದ್ದು?" ಎಂದಳು. ಇಲ್ಲಿ ವೀಸಾ ಕೊಡುವ ಮಾಲೀಕನಿಲ್ಲದೆ ಯಾರೂ ಕೆಲಸಕ್ಕೆ ಸೇರುವಂತಿಲ್ಲ. ಆದರೆ ಕನ್ನಡದಲ್ಲೇ ಕೇಳಿದಳು, ಆ ಒಂದು ಸಂತೋಷಕ್ಕೆ ಇದನ್ನು ಹೊಡೆದುಹಾಕದೆ ಬಿಟ್ಟಿದ್ದೇನೆ.)

"ನಿನಗೆ ಯಾವುದು ಬೇಕು?" ಎಂದು ನಿಝಾಮ್‌ನನ್ನು ಕೇಳಿದೆ.

"ಒಂದೂ ಬೇಡ. ಮೇಡಂ, ಕೇಳದೆ ಒಬ್ಬರ ಬಾಗಿಲಿಗೆ ಬಟ್ಟೆ ಸಿಕ್ಕಿಸಿ ನಾನು ಸೋಮವಾರದಿಂದ ಅನ್ನ ತಿಂದಿಲ್ಲ. ನೀವು ಈಗ ಮಾಡ್ತಾ ಇರುದು ಅದನ್ನೇ."

ಅವನು ಗೇರ್ ಹಾಕಿದ. ಹಬ್ಬದ ದಿನವಾದ್ದರಿಂದ ಮಠದ ಬಟ್ಟೆ ಸೋಮವಾರಕ್ಕೆ, ಇವತ್ತು ಕ್ಯಾಂಪಿನ ಮೂವತ್ತೆರಡು ಚೀಲ ಮಾತ್ರ ಇಳಿಸಲಿಕ್ಕಿತ್ತು. ಬಸ್ ಟಿಕೆಟ್ ಸಿಕ್ಕಿದರೆ ಅರ್ಧ ದಿನ ಯೋಚಿಸುವ ಮನುಷ್ಯ, ಕನ್ನಡಿಯಲ್ಲಿ ಒಂದು ಸಲ ನೋಡಿದ್ದರೆ ಸಾಕಿತ್ತು, ಹುಡುಗ ಯಾವ ಕಡೆ ಹೆಜ್ಜೆ ಹಾಕಿದ ಎಂದು ತಿಳಿಯುತ್ತಿತ್ತು. ಕುತ್ತಿಗೆ ಬಿಗಿ ಹಿಡಿದು ಎದುರಿನ ರಸ್ತೆಯನ್ನೇ ನೋಡುತ್ತಾ ಹೋದ. ನನಗೆ ತಡೆಯಲಾಗಲಿಲ್ಲ, ನಾನು ತಿರುಗಿ ನೋಡಿದೆ. ಪಂಪಿಗೆ ಒಂದು ಟ್ರೈಲರ್ ಬಂದು ಅಡ್ಡ ನಿಂತಿತ್ತು. ಅದನ್ನು ಅಲ್ಲಿ ನಾನು ನಿಲ್ಲಿಸಿದ್ದಲ್ಲ.

ಸೋಮವಾರ ಅವನಿಗೆ ಹೇಗೂ ಗೊತ್ತಾಗುತ್ತದೆ ಎಂದು ಕಾದೆ. ಮಠಕ್ಕೆ ಹೋಗಿ ಬಂದವನನ್ನು ಮುಸಫ್ಫಾದಲ್ಲಿ ಲಾಂಡ್ರಿಯ ಎದುರೇ ಹಿಡಿದೆ. ಪಿಕಪ್ಪಿನ ಹಿಂದೆ ತಾಡಪಾಲು ಬಿಗಿದಿತ್ತು.

"ಕಪ್ಪು ಕಂದೂರ ಎಷ್ಟು ಬಂತು ನಿಝಾಮ್? ಎಂಟಾ, ಒಂಬತ್ತಾ?"

ಅವನ ಮುಖದಲ್ಲಿ ಸಂತೋಷವೂ ಕಾಣಲಿಲ್ಲ, ಬೇಸರವೂ ಕಾಣಲಿಲ್ಲ. ತಾಡಪಾಲಿನ ಹಗ್ಗ ಇನ್ನೊಂದು ಸುತ್ತು ಬಿಗಿದು ನನ್ನ ಕಡೆ ತಿರುಗಿದ.

"ನಿಮ್ಮ ಕಥೆ ಮುಗೀಲಿಕ್ಕೆ ಆ ಬ್ರದರ್ ಯಾಕೆ ಒಳಗೆ ಹೋಗ್ಬೇಕು ಮೇಡಂ? ಯಾಕೆ ಹೊರಗೆ ಬರ್ಬೇಕು?"

ಹಾಗೆಂದವನು ಗಾಡಿ ಹತ್ತಿ, ಅದನ್ನು ಹಿಂದಕ್ಕೆ ತೆಗೆದು ಲಾಂಡ್ರಿಯ ಒಳಗೆ ನುಗ್ಗಿಸಿ, ಶಟರ್ ಎಳೆದುಕೊಂಡ.